ಒಂದೇ ಸ್ವತ್ತು, ಎರಡು ಕ್ರಯ



ದತ್ತಿ ಉಪನ್ಯಾಸಕ್ಕೆ ಸಂವಿಧಾನದಂಥ ದೊಡ್ಡ ವಿಷಯವನ್ನು ಆರಿಸಿಕೊಳ್ಳುವುದು ವಾಡಿಕೆ. ನಾನು ಸಿವಿಲ್ ನ್ಯಾಯಾಲಯದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಜಗಳವನ್ನು ಆರಿಸಿಕೊಂಡಿದ್ದೇನೆ. ಒಬ್ಬ ಮಾಲೀಕ ತನ್ನ ಒಂದೇ ಸೈಟನ್ನೋ ಮನೆಯನ್ನೋ ಇಬ್ಬರಿಗೆ ಮಾರುತ್ತಾನೆ. ಇಬ್ಬರೂ ದುಡ್ಡು ಕೊಟ್ಟಿದ್ದಾರೆ, ಇಬ್ಬರ ಕೈಯಲ್ಲೂ ಪತ್ರವಿದೆ. ಸ್ವತ್ತು ಯಾರದ್ದು?

ಬೇರೆ ವ್ಯಾಜ್ಯಗಳಲ್ಲಿ ವಾದಿ ಪ್ರತಿವಾದಿಗಳಲ್ಲಿ ಒಬ್ಬರಾದರೂ ಏನೋ ತಪ್ಪು ಮಾಡಿರುತ್ತಾರೆ. ಇಲ್ಲಿ ಬಹಳಷ್ಟು ಸಲ ಎರಡೂ ಕಡೆ ನಿಂತವರು ಮೋಸ ಹೋದವರು. ಮೋಸ ಮಾಡಿದವನು ಒಂದನೆಯ ಪ್ರತಿವಾದಿ. ಸಮನ್ಸ್ ತೆಗೆದುಕೊಂಡು ಬಾರದೆ ಉಳಿಯುತ್ತಾನೆ, ನ್ಯಾಯಾಲಯ ಅವನನ್ನು ಏಕಪಕ್ಷೀಯ ಎಂದು ಬರೆದುಕೊಳ್ಳುತ್ತದೆ, ಅಷ್ಟಕ್ಕೆ ಅವನ ಪಾತ್ರ ಮುಗಿಯುತ್ತದೆ. ಮಗಳ ಮದುವೆಗೆಂದು ಕೂಡಿಟ್ಟಿದ್ದನ್ನು ಹಾಕಿದವರೊಬ್ಬರು, ನಿವೃತ್ತಿಯ ಹಣ ಹಾಕಿದವರು ಇನ್ನೊಬ್ಬರು. ಆ ಇಬ್ಬರು ಹತ್ತು ಹದಿನೈದು ವರ್ಷ ಒಬ್ಬರ ಮೇಲೊಬ್ಬರು ಹಲ್ಲು ಕಡಿಯುತ್ತ ಕೋರ್ಟಿನ ಒಂದೇ ಜಗುಲಿಯಲ್ಲಿ ಕೂರುತ್ತಾರೆ. ಕೊನೆಗೆ ನ್ಯಾಯಾಧೀಶರು ಇಬ್ಬರು ನಿರಪರಾಧಿಗಳಲ್ಲಿ ಒಬ್ಬರ ತಲೆಯ ಮೇಲೆ ನಷ್ಟವನ್ನು ಇಳಿಸಬೇಕು. ಇಷ್ಟು ಕ್ರೂರವಾದ ಹಂಚಿಕೆ ನಮ್ಮ ಸಿವಿಲ್ ಕಾನೂನಿನಲ್ಲಿ ಬೇರೆಲ್ಲೂ ಇಲ್ಲವೆಂದು ನನ್ನ ನಂಬಿಕೆ.

ಯಾರು ಗೆಲ್ಲಬೇಕೆಂಬ ಪ್ರಶ್ನೆಗೆ ಕಾನೂನು ಉತ್ತರ ಹೇಳಿ ಬಹಳ ಕಾಲವಾಯಿತು. ಮಾರಾಟವನ್ನು ಗುಟ್ಟಾಗಿಡಲು ನಾವು ಬಿಟ್ಟುಕೊಟ್ಟಿರುವ ಜಾಗದಲ್ಲಿ ಈ ಮೊಕದ್ದಮೆಗಳು ಹುಟ್ಟುತ್ತಿವೆ. ಇಂದು ನಾನು ಹೇಳಬೇಕಾಗಿರುವುದು ಇದನ್ನೇ.

ಮೊದಲು ನಮ್ಮ ನಾಡಿನಲ್ಲೇ ಹುಟ್ಟಿದ ಗ್ರಂಥಕ್ಕೆ ಹೋಗೋಣ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಇಂದಿನ ಬಸವಕಲ್ಯಾಣ ಅವನ ರಾಜಧಾನಿ. ಅಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯ ಮಾತು ಬಂದಾಗ ಮಿತಾಕ್ಷರದ ಹೆಸರು ಈಗಲೂ ನಮ್ಮ ದಾವಾಪತ್ರಗಳಲ್ಲಿ ಇರುತ್ತದೆ. ಇಬ್ಬರಿಗೆ ಮಾರಿದ ಪ್ರಶ್ನೆಗೂ ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಉತ್ತರವಿದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಸಾಮಾನ್ಯ ವ್ಯವಹಾರದಲ್ಲಿ ಆಮೇಲೆ ನಡೆದದ್ದಕ್ಕೆ ಬಲ ಹೆಚ್ಚು. ಒತ್ತೆ, ದಾನ, ಕ್ರಯ ಈ ಮೂರರಲ್ಲಿ ಮಾತ್ರ ಮೊದಲು ನಡೆದದ್ದಕ್ಕೇ ಬಲ ಎಂದು ಅಲ್ಲಿ ಹೇಳಿದೆ. ಇನ್ನೊಂದು ಕಡೆ, ಒಬ್ಬನಿಗೆ ಮಾರಿದ್ದನ್ನು ಮತ್ತೊಬ್ಬನಿಗೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡ ಎಂದಿದೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ವಿಜ್ಞಾನೇಶ್ವರನ ಇನ್ನೊಂದು ಮಾತು. ಭೂಮಿ ಕೈಬದಲಾಗಬೇಕಾದರೆ ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು, ಹೊನ್ನಿನೊಡನೆ ನೀರೆರೆದು ಕೊಡಬೇಕು ಎಂಬ ಹಳೆಯ ವಚನವನ್ನು ಎತ್ತಿಕೊಂಡು ಅವನು ಒಂದೊಂದಕ್ಕೂ ಕಾರಣ ಹೇಳುತ್ತಾನೆ. ನೆರೆಯವರ ಒಪ್ಪಿಗೆ ಗಡಿಜಗಳ ಬಾರದಿರಲಿ ಎಂದು. ಊರಿನ ಒಪ್ಪಿಗೆ ವ್ಯವಹಾರ ಎಲ್ಲರಿಗೂ ತಿಳಿಯಲಿ ಎಂದು. ಊರಿನವರು ಒಪ್ಪದಿದ್ದರೆ ಕ್ರಯವೇ ಆಗುವುದಿಲ್ಲವೆಂದು ಅರ್ಥವಲ್ಲ ಎಂದೂ ಬಿಡಿಸಿ ಹೇಳುತ್ತಾನೆ. ಒಂಬೈನೂರು ವರ್ಷದ ಹಿಂದಿನ ಆ ಪಂಡಿತನಿಗೆ ಸಮಸ್ಯೆಯ ನೆಲೆ ಗೊತ್ತಿತ್ತು: ಮಾರಾಟದ ಸಿಂಧುತ್ವ ಬೇರೆ, ಅದರ ಪ್ರಕಟಣೆ ಬೇರೆ, ಪ್ರಕಟಣೆ ಇಲ್ಲದ ಕಡೆ ಜಗಳ ಕಾದಿರುತ್ತದೆ.

ಇದಕ್ಕೆ ಮೈಸೂರಿನದೇ ಇನ್ನೊಂದು ಸಾಕ್ಷಿ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ನಮ್ಮ ಓರಿಯಂಟಲ್ ಲೈಬ್ರರಿಯಲ್ಲಿ, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತು. ಅದರ ಮೂರನೆಯ ಅಧಿಕರಣದಲ್ಲಿ ಮನೆ, ಹೊಲ ಮಾರುವ ಕ್ರಮವಿದೆ. ಮನೆಯ ಮುಂದೆ ನೆರೆಯ ನಲವತ್ತು ಕುಟುಂಬಗಳವರ ಎದುರು ಮಾರಾಟವನ್ನು ಸಾರಬೇಕು, ಗಡಿಗಳನ್ನು ಹೇಳಬೇಕು, ಬೆಲೆಯನ್ನು ಮೂರು ಸಲ ಕೂಗಿ ಯಾರೂ ತಡೆಯದಿದ್ದರೆ ಕೊಳ್ಳುವವನು ಕೊಳ್ಳಬಹುದು. ಹಾಗೆ ಸಾರಿದ ಸ್ವತ್ತನ್ನು ಮರುವಾರ ಇನ್ನೊಬ್ಬನಿಗೆ ಮಾರುವುದು ಎಷ್ಟು ಕಷ್ಟವಿದ್ದಿರಬೇಕು, ಯೋಚಿಸಿ.

ಈಗ ನಮ್ಮ ಕಾನೂನಿಗೆ ಬರೋಣ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ಕ್ರಯವಾಗಬೇಕಾದರೆ ನೋಂದಾಯಿತ ಪತ್ರವೇ ಬೇಕು; 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಂ ಹಾಗೆನ್ನುತ್ತದೆ. ಒಬ್ಬನೇ ಮಾಲೀಕ ಬೇರೆ ಬೇರೆ ಸಮಯದಲ್ಲಿ ಒಂದೇ ಸ್ವತ್ತಿನ ಮೇಲೆ ಹಕ್ಕುಗಳನ್ನು ಕೊಟ್ಟು, ಅವೆಲ್ಲ ಒಟ್ಟಿಗೆ ನಿಲ್ಲಲಾಗದಿದ್ದರೆ, ಆಮೇಲಿನ ಹಕ್ಕು ಮೊದಲಿನದಕ್ಕೆ ಅಧೀನ ಎಂದು 48ನೆಯ ಕಲಂ ಹೇಳುತ್ತದೆ. ಯಾಜ್ಞವಲ್ಕ್ಯನ ಮಾತು ಇಲ್ಲಿ ಬೇರೆ ದಾರಿಯಿಂದ ಬಂದು ಸೇರಿದೆ. ಮಾರಿಬಿಟ್ಟವನ ಕೈಯಲ್ಲಿ ಮತ್ತೆ ಮಾರಲು ಏನೂ ಉಳಿದಿರುವುದಿಲ್ಲ.

ಎರಡೂ ಕ್ರಯಪತ್ರಗಳು ನೋಂದಣಿಯಾಗಿದ್ದರೆ ಲೆಕ್ಕ ಸುಲಭ. ಆದರೂ ಅದರಲ್ಲೊಂದು ತಿರುವು ಇದೆ, ಅದು ಓದುಬರಹ ಬಲ್ಲವರನ್ನೂ ದಾರಿ ತಪ್ಪಿಸುತ್ತದೆ. ನೋಂದಣಿ ಮೊದಲು ಯಾರದಾಯಿತೋ ಅವರೇ ಗೆದ್ದರು ಎಂದು ಜನ ತಿಳಿದಿದ್ದಾರೆ. 1908ರ ನೋಂದಣಿ ಕಾಯ್ದೆಯ 47ನೆಯ ಕಲಂ ಪ್ರಕಾರ ಪತ್ರದ ಬಲ ನೋಂದಣಿಯ ದಿನದಿಂದ ಶುರುವಾಗುವುದಿಲ್ಲ, ಬರೆದುಕೊಟ್ಟ ದಿನದಿಂದ ಶುರುವಾಗುತ್ತದೆ. ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳ ಅವಕಾಶವಿದೆ. ಜನವರಿ ಒಂದರಂದು ಬರೆಸಿಕೊಂಡು ಮಾರ್ಚಿಯಲ್ಲಿ ನೋಂದಾಯಿಸಿದವನು, ಫೆಬ್ರುವರಿಯಲ್ಲಿ ಬರೆಸಿಕೊಂಡು ಅದೇ ದಿನ ನೋಂದಾಯಿಸಿದವನಿಗಿಂತ ಮುಂದೆ ನಿಲ್ಲುತ್ತಾನೆ. ಕ್ರಯಪತ್ರ ಬರೆದಾಗಿ ನೋಂದಣಿ ಬಾಕಿಯಿದ್ದ ದಿನಗಳಲ್ಲಿ, ಮಾರಿದವನಿಗೆ ಸಾಲ ಕೊಟ್ಟವನೊಬ್ಬ ಆ ಸ್ವತ್ತಿನ ಮೇಲೆ ಜಪ್ತಿ ತಂದ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ತೊಂಬತ್ತರ ದಶಕದ ಆರಂಭದಲ್ಲಿ ಇದೇ ನಿಯಮವನ್ನು ಹಿಡಿದು ಕ್ರಯವನ್ನು ಉಳಿಸಿತು. 2024ರ ಜುಲೈನಲ್ಲಿ ಮಹಾರಾಷ್ಟ್ರದ ಪ್ರಕರಣವೊಂದು ತೀರ್ಮಾನವಾಯಿತು. ಮೊದಲ ಕ್ರಯ 1985ರದ್ದು, ಅದರ ನೋಂದಣಿ ಮುಗಿದದ್ದು ಎಷ್ಟೋ ವರ್ಷದ ಮೇಲೆ. 2010ರಲ್ಲಿ ಅದೇ ಸ್ವತ್ತು ಇನ್ನೊಬ್ಬರಿಗೆ ಮಾರಾಟವಾಗಿತ್ತು. ಮೊದಲು ಕೊಂಡವರೇ ಗೆದ್ದರು. ಗೆಲ್ಲಲು ದೆಹಲಿಯವರೆಗೆ ಹೋಗಬೇಕಾಯಿತು ಎಂಬುದನ್ನು ಮಾತ್ರ ಮರೆಯಬೇಡಿ.

ಎಲ್ಲ ದೇಶಗಳೂ ಹೀಗೆ ಯೋಚಿಸಿಲ್ಲ. ಫಿಲಿಪ್ಪೀನ್ಸ್‌ನ ಸಿವಿಲ್ ಸಂಹಿತೆಯ 1544ನೆಯ ವಿಧಿ ಇರುವುದೇ ಎರಡು ಸಲ ಮಾರಿದ ಪ್ರಕರಣಕ್ಕಾಗಿ. ಅಲ್ಲಿ ಸದ್ಭಾವನೆಯಿಂದ ಮೊದಲು ನೋಂದಾಯಿಸಿದವನದು ಸ್ಥಿರಾಸ್ತಿ. ಯಾರೂ ನೋಂದಾಯಿಸದಿದ್ದರೆ ಸದ್ಭಾವನೆಯಿಂದ ಮೊದಲು ಸ್ವಾಧೀನ ಪಡೆದವನದು. ಅದೂ ಇಲ್ಲವಾದರೆ ಹಳೆಯ ಪತ್ರ ಇರುವವನದು. ಅಮೆರಿಕದ ಹಲವು ರಾಜ್ಯಗಳಲ್ಲೂ ದಾಖಲೆ ಮೊದಲು ಮಾಡಿಸಿದವನ ಕಡೆಗೇ ಕಾನೂನು ವಾಲುತ್ತದೆ. ಪ್ರಕಟಪಡಿಸಿದವನಿಗೆ ಬಹುಮಾನ, ಮುಚ್ಚಿಟ್ಟವನಿಗೆ ನಷ್ಟ ಎಂಬ ನೀತಿ ಅದು. ನಮ್ಮ 47ನೆಯ ಕಲಂ ಮೊದಲು ಕೊಂಡವನಿಗೆ ನ್ಯಾಯ ಕೊಡುತ್ತದೆ ನಿಜ, ಆ ನಾಲ್ಕು ತಿಂಗಳಲ್ಲಿ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ ಕೊಂಡವನಿಗೆ ಏನೂ ಕೊಡುವುದಿಲ್ಲ.

ಆದರೂ ಎರಡು ಕ್ರಯಪತ್ರಗಳ ಜಗಳ ಈಗ ಕಡಿಮೆಯಾಗುತ್ತಿದೆ, ಇನ್ನೂ ಆಗಬೇಕು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಒಂದು ಮಾರಾಟ ನೋಂದಣಿಯಾದರೆ ಇ.ಸಿ.ಯಲ್ಲಿ ಬೇಗನೆ ಕಾಣುತ್ತದೆ. 2024ರ ಅಕ್ಟೋಬರಿನಿಂದ ನಗರದ ಸ್ವತ್ತುಗಳಿಗೆ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ನನ್ನ ಚಿಂತೆ ಇನ್ನೊಂದು ಬಗೆಯ ಜಗಳದ ಬಗ್ಗೆ. ಒಬ್ಬರಿಗೆ ಕರಾರು, ಇನ್ನೊಬ್ಬರಿಗೆ ಕ್ರಯ. ಇದನ್ನು ಯಾವ ತಂತ್ರಾಂಶವೂ ಹಿಡಿಯುತ್ತಿಲ್ಲ.

ನಡೆಯುವುದು ಹೀಗೆ. ಮಾಲೀಕ ಒಬ್ಬರೊಡನೆ ಛಾಪಾ ಕಾಗದದ ಮೇಲೆ ಖರೀದಿ ಕರಾರು ಮಾಡಿಕೊಳ್ಳುತ್ತಾನೆ, ಮುಂಗಡ ಪಡೆಯುತ್ತಾನೆ. ಆರು ತಿಂಗಳಲ್ಲೋ ಹನ್ನೊಂದು ತಿಂಗಳಲ್ಲೋ ಉಳಿದ ಹಣ ಕೊಟ್ಟು ಶುದ್ಧ ಕ್ರಯ ಎಂದು ಮಾತು. ಈ ನಡುವೆ ಬೆಲೆ ಏರುತ್ತದೆ. ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು; ಅಂಥ ಒಂದು ಹೆದ್ದಾರಿ ಬರುತ್ತದೆಂಬ ಸುದ್ದಿಯೇ ಸೈಟಿನ ಬೆಲೆಯನ್ನು ಅಲುಗಾಡಿಸುತ್ತದೆ. ಎರಡನೆಯ ಗಿರಾಕಿ ಹೆಚ್ಚು ಹಣ ಹಿಡಿದು ಬರುತ್ತಾನೆ, ಇ.ಸಿ. ತೆಗೆಸುತ್ತಾನೆ. ಅದರಲ್ಲಿ ಏನೂ ಇಲ್ಲ, ಯಾಕೆಂದರೆ ಸ್ವಾಧೀನ ಕೊಡದ ಕರಾರನ್ನು ಕರ್ನಾಟಕದಲ್ಲಿ ನೋಂದಾಯಿಸಬೇಕೆಂಬ ಕಡ್ಡಾಯವಿಲ್ಲ. ಅವನು ನಿಶ್ಚಿಂತೆಯಿಂದ ಕ್ರಯ ಮಾಡಿಸಿಕೊಳ್ಳುತ್ತಾನೆ. ಮೊದಲನೆಯವನು ಬಾಕಿ ಹಣದೊಂದಿಗೆ ಬರುವ ಹೊತ್ತಿಗೆ ಕಾಂಪೌಂಡು ಎದ್ದಿರುತ್ತದೆ.

ಕರಾರು ಮಾತ್ರದಿಂದ ಸ್ವತ್ತಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಅದೇ 54ನೆಯ ಕಲಮಿನ ಮಾತು. ಹಾಗಾದರೆ ಮೊದಲನೆಯವನ ಕಥೆ ಮುಗಿಯಿತೇ? ಇಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೆಯ ಕಲಂ ಅವನಿಗೆ ಬಾಗಿಲು ತೆರೆದಿಟ್ಟಿದೆ. ಕರಾರನ್ನು ಮಾರಾಟಗಾರನ ಮೇಲಷ್ಟೇ ಅಲ್ಲ, ಆಮೇಲೆ ಕೊಂಡವನ ಮೇಲೂ ಜಾರಿ ಮಾಡಿಸಬಹುದು. ಆಮೇಲೆ ಕೊಂಡವನಿಗೆ ಒಂದೇ ರಕ್ಷಣೆ: ಬೆಲೆ ಕೊಟ್ಟಿರಬೇಕು, ಸದ್ಭಾವನೆ ಇರಬೇಕು, ಹಿಂದಿನ ಕರಾರಿನ ತಿಳಿವಳಿಕೆ ಇರಬಾರದು. ತಿಳಿವಳಿಕೆ ಇರಲಿಲ್ಲವೆಂದು ರುಜುವಾತುಪಡಿಸುವ ಹೊರೆ ಅವನದೇ. 1934ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಇದನ್ನು ಹೇಳಿತ್ತು.

ನಮ್ಮ ನ್ಯಾಯಾಲಯಗಳ ಸಾಕ್ಷಿ ವಿಚಾರಣೆಯ ಬಹುಭಾಗ ಇಲ್ಲೇ ಸವೆಯುತ್ತದೆ. ನಿನಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ? ದಲ್ಲಾಳಿ ಇಬ್ಬರಿಗೂ ಒಬ್ಬನೇ ಅಲ್ಲವೇ? ಮೂಲಪತ್ರಗಳು ಮಾರಾಟಗಾರನ ಬಳಿ ಯಾಕಿರಲಿಲ್ಲ ಎಂದು ಕೇಳಿದೆಯಾ? ಇನ್ನೊಬ್ಬರ ಮನಸ್ಸಿನೊಳಗೆ ಏನಿತ್ತೆಂದು ಎಂಟು ವರ್ಷದ ಮೇಲೆ ಪಾಟೀಸವಾಲಿನಲ್ಲಿ ತೆಗೆಯುವುದು ಎಂಥ ಕೆಲಸ! ಕಾಗದದಲ್ಲಿ ಒಂದು ನಮೂದು ಇದ್ದಿದ್ದರೆ ಈ ಪ್ರಶ್ನೆಗಳು ಬೇಕಿರಲಿಲ್ಲ.

ತಿಳಿವಳಿಕೆ ಎಂದರೆ ಕಿವಿಯಿಂದ ಕೇಳಿದ್ದು ಮಾತ್ರವಲ್ಲ. ಸ್ವತ್ತಿನಲ್ಲಿ ವಾಸ್ತವವಾಗಿ ಯಾರಿದ್ದಾರೋ ಅವರ ಹಕ್ಕಿನ ತಿಳಿವಳಿಕೆ ಕೊಳ್ಳುವವನಿಗೆ ಇದೆಯೆಂದೇ ಕಾನೂನು ಭಾವಿಸುತ್ತದೆ. 2000ದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ತಮಿಳುನಾಡಿನ ಪ್ರಕರಣದಲ್ಲಿ ಬಾಡಿಗೆಗೆ ಇದ್ದವರೇ ಖರೀದಿ ಕರಾರು ಮಾಡಿಕೊಂಡಿದ್ದರು. ಬಾಡಿಗೆದಾರ ಎಂದುಕೊಂಡೆ, ಕೇಳಲಿಲ್ಲ ಎಂದು ಕೊಂಡವರು ಹೇಳಿದ್ದು ನಿಲ್ಲಲಿಲ್ಲ. ಒಳಗಿರುವವರನ್ನು ಯಾವ ಹಕ್ಕಿನಲ್ಲಿ ಇದ್ದೀರಿ ಎಂದು ಕೇಳುವುದು ಕೊಳ್ಳುವವರ ಕರ್ತವ್ಯ.

ಈ ಮಾತು ನಮ್ಮ ಮೈಸೂರಿನ ದೇವರಾಜ ಮೊಹಲ್ಲಾಕ್ಕೆ ನೇರವಾಗಿ ಅನ್ವಯಿಸುತ್ತದೆ. ಮಾರುಕಟ್ಟೆಯ ಸುತ್ತ, ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆ, ಧನ್ವಂತರಿ ರಸ್ತೆಗಳಲ್ಲಿ ತಲೆಮಾರುಗಳಿಂದ ಬಾಡಿಗೆಗಿರುವ ಅಂಗಡಿಗಳಿವೆ. ಮಾಲೀಕರು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ, ಅಂಗಡಿಯಲ್ಲಿ ಕೂತವರು ಇಲ್ಲಿದ್ದಾರೆ. ಅವರ ಬಳಿ ಎಂಥ ಕಾಗದವಿದೆಯೆಂದು ಮಾಲೀಕರ ಮಕ್ಕಳಿಗೂ ಗೊತ್ತಿರುವುದಿಲ್ಲ. ಹಳೆಯ ಮನೆಗಳದು ಇನ್ನೊಂದು ಬಗೆ. ತಾತ ಕಟ್ಟಿಸಿದ ತೊಟ್ಟಿಮನೆ, ಗೋಡೆಗೆ ಗೋಡೆ ಕೂಡಿದ ಪಕ್ಕದ ಮನೆ, ವಿಭಾಗಪತ್ರವಿಲ್ಲದೆ ಬಾಯಿಮಾತಿನಲ್ಲಿ ಹಂಚಿಕೊಂಡ ಅಣ್ಣತಮ್ಮಂದಿರು. ಅಣ್ಣ ಒಬ್ಬರಿಗೆ ಇಡೀ ಮನೆಗೆ ಕರಾರು ಮಾಡುತ್ತಾನೆ, ತಮ್ಮ ತನ್ನ ಅರ್ಧವನ್ನು ಇನ್ನೊಬ್ಬರಿಗೆ ಬರೆದುಕೊಡುತ್ತಾನೆ. ಇಬ್ಬರೂ ತಮ್ಮ ಮಟ್ಟಿಗೆ ಸುಳ್ಳು ಹೇಳಿಲ್ಲ. ಆದರೂ ಕೊಂಡವರಿಬ್ಬರೂ ಕೋರ್ಟಿಗೆ ಬರುತ್ತಾರೆ.

ಹಳೆಯ ಪತ್ರಗಳ ಚಕ್ಕುಬಂದಿಯನ್ನು ಓದಿ ನೋಡಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು. ಆ ಇಂಥವರು ತೀರಿಕೊಂಡು ಐವತ್ತು ವರ್ಷವಾಗಿರುತ್ತದೆ, ಹಿತ್ತಲಿನಲ್ಲಿ ವಾಣಿಜ್ಯ ಸಂಕೀರ್ಣ ಬಂದಿರುತ್ತದೆ, ಮನೆಯ ನಂಬರು ಬದಲಾಗಿರುತ್ತದೆ. ಹಳೆಯ ನಂಬರಿನಲ್ಲಿ ಹುಡುಕಿದರೆ ಒಂದು ಇ.ಸಿ., ಹೊಸ ನಂಬರಿನಲ್ಲಿ ಹುಡುಕಿದರೆ ಇನ್ನೊಂದು. ಸ್ವತ್ತಿನ ವಿವರ ಹೇಗೆ ಕೊಡುತ್ತೀರೋ ಹಾಗೆ ಉತ್ತರ ಬರುತ್ತದೆ. ಇ.ಸಿ. ಸುಳ್ಳು ಹೇಳುವುದಿಲ್ಲ, ಕೇಳಿದಷ್ಟನ್ನೇ ಹೇಳುತ್ತದೆ.

ಊರ ಹೊರಗಿನ ಖಾಸಗಿ ಬಡಾವಣೆಗಳದು ತದ್ವಿರುದ್ಧ ಸ್ಥಿತಿ. ಅಲ್ಲಿ ಮನೆಯಿಲ್ಲ, ಬಾಡಿಗೆದಾರನಿಲ್ಲ, ನೆರೆಯವನೂ ಇಲ್ಲ. ಕಲ್ಲು ನೆಟ್ಟ ಖಾಲಿ ಜಾಗದಲ್ಲಿ ಸ್ವಾಧೀನ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಎರಡು ಸಲ ಮಾರಲು ಅದಕ್ಕಿಂತ ಸುಲಭವಾದದ್ದು ಬೇರೊಂದಿಲ್ಲ. ಜೊತೆಗೆ ಜಿ.ಪಿ.ಎ., ಅಂದರೆ ಸಾಮಾನ್ಯ ಮುಖ್ತಿಯಾರನಾಮೆ, ಬಂತು. ಮುಖ್ತಿಯಾರನಾಮೆ ಹಿಡಿದವನು ಒಬ್ಬರಿಗೆ, ಮಾಲೀಕ ತಾನೇ ಇನ್ನೊಬ್ಬರಿಗೆ. 2011ರ ಅಕ್ಟೋಬರ್ 11ರಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ಜಿ.ಪಿ.ಎ., ಕರಾರು, ಉಯಿಲು ಇವುಗಳ ಮೂಲಕ ನಡೆಯುವುದು ಮಾರಾಟವೇ ಅಲ್ಲ ಎಂದು ಸ್ಪಷ್ಟಪಡಿಸಿತು. ರವೀಂದ್ರನ್ ಕರ್ನಾಟಕದವರು, ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು. ಸಾಮಾನ್ಯ ಜನ ಸ್ವತ್ತು ಕೊಳ್ಳುವಾಗ ಎಲ್ಲಿ ಎಡವುತ್ತಾರೆಂಬುದನ್ನು ಅವರಷ್ಟು ಕಾಳಜಿಯಿಂದ ಬರೆದ ನ್ಯಾಯಾಧೀಶರು ಕಡಿಮೆ. ಖಾತೆ, ಪಹಣಿ ತೋರಿಸಿ ಮಾಲೀಕನೆನ್ನುವವರಿಗೂ ಒಂದು ಮಾತು: ಕಂದಾಯ ದಾಖಲೆ ಹಕ್ಕನ್ನು ಹುಟ್ಟಿಸುವುದಿಲ್ಲ. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2007ರಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ, ಅದಕ್ಕೆ ಮೊದಲೂ ಆಮೇಲೂ ಎಷ್ಟೋ ಸಲ ಹೇಳಿದೆ.

ಕರಾರಿನವನು ಗೆದ್ದ ಎಂದುಕೊಳ್ಳಿ. ಡಿಕ್ರಿ ಹೇಗಿರಬೇಕು? ಮಾರಾಟಗಾರನ ಹೆಸರಿನಲ್ಲಿ ಈಗ ಸ್ವತ್ತಿಲ್ಲ, ಎರಡನೆಯವನು ಕರಾರು ಮಾಡಿಕೊಟ್ಟವನಲ್ಲ. ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದ, 1954ರ ವರದಿಗಳಲ್ಲಿರುವ ತೀರ್ಪು ಈ ಗಂಟನ್ನು ಬಿಡಿಸಿತು. ಮಾರಾಟಗಾರ ಕ್ರಯಪತ್ರ ಬರೆದುಕೊಡಬೇಕು, ಎರಡನೆಯ ಖರೀದಿದಾರ ಅದಕ್ಕೆ ಸಹಿ ಹಾಕಿ ತನ್ನಲ್ಲಿರುವ ಹಕ್ಕನ್ನು ದಾಟಿಸಬೇಕು. ಅಂದಿನಿಂದ ಕೆಳಗಿನ ಎಲ್ಲ ನ್ಯಾಯಾಲಯಗಳೂ ಇದೇ ಮಾದರಿಯಲ್ಲಿ ಡಿಕ್ರಿ ಬರೆಯುತ್ತಿವೆ. ಮೋಸ ಹೋದ ಮನುಷ್ಯ ತನ್ನ ಕೈಯಿಂದಲೇ ಸಹಿ ಹಾಕಿ ಸ್ವತ್ತು ಬಿಟ್ಟುಕೊಡುವುದು ನ್ಯಾಯವೆಂದು ನನ್ನ ಬುದ್ಧಿಗೆ ಗೊತ್ತು, ನೋಡಲು ಕಷ್ಟ.

ಕರಾರಿನವನೂ ಸುಲಭವಾಗಿ ಗೆಲ್ಲುವುದಿಲ್ಲ. ತನ್ನ ಪಾಲಿನ ಹಣ ಕೊಡಲು ಆದ್ಯಂತ ಸಿದ್ಧನಿದ್ದೆ, ಮನಸ್ಸೂ ಇತ್ತು ಎಂದು ತೋರಿಸಬೇಕು. ಮೂರು ವರ್ಷದೊಳಗೆ ದಾವೆ 
ಹೂಡಬೇಕು. ಮುಂಗಡ ಕೊಟ್ಟು ಬೆಲೆ ಏರುವುದನ್ನು ನೋಡುತ್ತ ಕೂತವನಿಗೆ ನ್ಯಾಯಾಲಯ ಒಲಿಯುವುದಿಲ್ಲ, ಒಲಿಯಬಾರದು. ತಡಮಾಡದವನಿಗೆ ಎಂಥ ಫಲ ಸಿಗಬಹುದು ಎಂಬುದಕ್ಕೆ 2008ರ ಒಂದು ತೀರ್ಪು ಉದಾಹರಣೆ, ಅದೂ ತಮಿಳುನಾಡಿನದು. ಕರಾರು 1974ರಲ್ಲಿ. ದಾವೆ ದಾಖಲಾದದ್ದು 1975ರ ಮೇ 3. ಅದೇ ಸ್ವತ್ತು ಇನ್ನೊಬ್ಬರಿಗೆ ಕ್ರಯವಾದದ್ದು ಮೇ 5. ದಾವೆ ನಡೆಯುತ್ತಿರುವಾಗ ಆದ ಮಾರಾಟ ಆ ದಾವೆಯ ಫಲಕ್ಕೆ ಅಧೀನ ಎಂಬ, ಸ್ವತ್ತು ವರ್ಗಾವಣೆ ಕಾಯ್ದೆಯ 52ನೆಯ ಕಲಂ ಅನ್ವಯವಾಗಿ ಕರಾರಿನವರು ಗೆದ್ದರು. ಎರಡು ದಿನದ ಅಂತರಕ್ಕೆ ಮೂವತ್ತಮೂರು ವರ್ಷದ ವ್ಯಾಜ್ಯ.

ಆದರೆ ಮೇ 5ರಂದು ಕೊಂಡವನ ಜಾಗದಲ್ಲಿ ನಿಂತು ನೋಡಿ. ಎರಡು ದಿನದ ಹಿಂದೆ ಯಾವುದೋ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಬಿದ್ದದ್ದು ಅವನಿಗೆ ಹೇಗೆ ತಿಳಿಯಬೇಕು? ಇಂದು ಇ-ಕೋರ್ಟ್ ಜಾಲದಲ್ಲಿ ಕಕ್ಷಿದಾರರ ಹೆಸರಿನಿಂದ, ದಾವೆಯ ನಂಬರಿನಿಂದ ಹುಡುಕಬಹುದು. ಸರ್ವೆ ನಂಬರು, ಮನೆ ನಂಬರು ಹಾಕಿ ಹುಡುಕುವ ದಾರಿಯಿಲ್ಲ. 2010ರ ಡಿಸೆಂಬರಿನ ತೀರ್ಪೊಂದರಲ್ಲಿ ನ್ಯಾಯಮೂರ್ತಿ ರವೀಂದ್ರನ್ ಅವರ ಪೀಠ ಈ ನೋವನ್ನು ಗುರುತಿಸಿ, ದಾವೆಯ ಸೂಚನೆಯನ್ನು ನೋಂದಾಯಿಸುವ ಪದ್ಧತಿ ದೇಶಕ್ಕೆಲ್ಲ ಬರಲಿ ಎಂದು ಸೂಚಿಸಿತು. ಮಹಾರಾಷ್ಟ್ರ, ಗುಜರಾತುಗಳಲ್ಲಿ ಅದಾಗಲೇ ಇದೆ. ಬೊಂಬಾಯಿ ಪ್ರಾಂತ್ಯ 1939ರಲ್ಲೇ 52ನೆಯ ಕಲಮಿಗೆ ತಿದ್ದುಪಡಿ ತಂದು, ದಾವೆಯ ಸೂಚನೆ ನೋಂದಣಿಯಾದರೆ ಮಾತ್ರ ಆಮೇಲೆ ಕೊಂಡವನು ಅದಕ್ಕೆ ಬದ್ಧ ಎಂದು ಮಾಡಿತ್ತು.

ಮಾರಾಟಗಾರನ ವಿಷಯ. 1860ರ ಭಾರತೀಯ ದಂಡ ಸಂಹಿತೆಯ 415ನೆಯ ಕಲಂ ವಂಚನೆಯನ್ನು ವಿವರಿಸುತ್ತ ಕೊಟ್ಟ ನಿದರ್ಶನಗಳಲ್ಲಿ ಒಂದು ಇದೇ: ಒಬ್ಬನಿಗೆ ಎಸ್ಟೇಟು ಮಾರಿದವನು ಆ ಸಂಗತಿ ಮುಚ್ಚಿಟ್ಟು ಇನ್ನೊಬ್ಬನಿಗೆ ಮಾರಿ ಹಣ ಪಡೆದರೆ ಅದು ವಂಚನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಅಡಿಯೂ ಆ ನಿದರ್ಶನ ಉಳಿದಿದೆ. ಏಳು ವರ್ಷದವರೆಗೆ ಸೆರೆವಾಸ. ಹೀಗಿದ್ದೂ ಠಾಣೆಗೆ ಹೋದವರಿಗೆ ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂಬ ಉತ್ತರ ಸಿಗುವುದುಂಟು. ಕಾನೂನು ಓದಿದವರೆಲ್ಲ ಇದನ್ನು ಪ್ರತಿಭಟಿಸಬೇಕು. ಸಂಹಿತೆಯೇ ಹೆಸರಿಟ್ಟು ತೋರಿಸಿರುವ ಅಪರಾಧವನ್ನು ಸಿವಿಲ್ ಎಂದು ಹಿಂದಕ್ಕೆ ಕಳಿಸುವುದು ತಪ್ಪು. ಒಂದು ಎಚ್ಚರವೂ ಬೇಕು. ಸುಪ್ರೀಂ ಕೋರ್ಟಿನ 2009ರ ತೀರ್ಪೊಂದರ ಪ್ರಕಾರ ಇಲ್ಲಿ ವಂಚನೆಗೆ ಒಳಗಾದವನು ಎರಡನೆಯ ಖರೀದಿದಾರ. ದೂರು ಅವನ ಬಾಯಿಂದ ಬಂದರೆ ನಿಲ್ಲುತ್ತದೆ. ಎರಡು ಕಡೆಯವರೂ ಪರಸ್ಪರ ಕಾದಾಡುವುದರಲ್ಲೇ ಮುಳುಗಿರುವುದರಿಂದ ಆ ದೂರು ಬರುವುದೇ ಅಪರೂಪ.

ಕರಾರುಗಳು ಯಾಕೆ ಜೇಬಿನಲ್ಲೇ ಉಳಿಯುತ್ತವೆ? ಇದನ್ನು ಬಿಚ್ಚಿ ಹೇಳಲೇಬೇಕು. ಕರಾರಿನಲ್ಲಿ ನಿಜವಾದ ಬೆಲೆ ಇರುತ್ತದೆ, ಕ್ರಯಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ಬೆಲೆ. ನಡುವಿನ ಹಣ ಕೈಯಿಂದ ಕೈಗೆ. ಕರಾರು ನೋಂದಣಿಯಾದರೆ ನಿಜವಾದ ಬೆಲೆ ಪುಸ್ತಕಕ್ಕೆ ಹೋಗುತ್ತದೆ ಎಂಬ ಭಯಕ್ಕೆ ಕೊಳ್ಳುವವನೂ ಮಾರುವವನೂ ಸೇರಿ ಅದನ್ನು ಬಚ್ಚಿಡುತ್ತಾರೆ. ಮುದ್ರಾಂಕ ಶುಲ್ಕದಲ್ಲಿ ಉಳಿಸಿದ ಅಷ್ಟಿಷ್ಟಕ್ಕಾಗಿ ಮೊದಲ ಖರೀದಿದಾರ ತನ್ನ ಹಕ್ಕಿನ ಏಕೈಕ ಸಾರ್ವಜನಿಕ ಗುರುತನ್ನು ತಾನೇ ಅಳಿಸಿಕೊಳ್ಳುತ್ತಾನೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟು ಹೋದಂತೆ ಇದು.

ಸರ್ಕಾರದ ಪಾಲೂ ಇದೆ. ಉಪನೋಂದಣಾಧಿಕಾರಿ ಪತ್ರವನ್ನು ನೋಂದಾಯಿಸುತ್ತಾನೆ, ಹಕ್ಕನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸುವ ಅಧಿಕಾರ ಕೊಡಲು ತಮಿಳುನಾಡು ಮಾಡಿದ್ದ ನಿಯಮವನ್ನು 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ದಕ್ಷಿಣ ಆಸ್ಟ್ರೇಲಿಯದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲಿ ತಂದ ಪದ್ಧತಿಯಲ್ಲಿ ಸರ್ಕಾರವೇ ಹಕ್ಕಿಗೆ ಹೊಣೆ ನಿಲ್ಲುತ್ತದೆ. ನಮ್ಮಲ್ಲಿ ಪ್ರೊ. ಡಿ.ಸಿ. ವಾಧ್ವಾ 1989ರಲ್ಲೇ ಅದನ್ನು ಶಿಫಾರಸು ಮಾಡಿದ್ದರು. ರಾಜಸ್ಥಾನ 2016ರಲ್ಲಿ ನಗರ ಭೂಮಿಗೆ ಹಕ್ಕು ದೃಢೀಕರಣದ ಕಾಯ್ದೆ ಮಾಡಿತು. ಅದು ದೂರದ ಗುರಿ, ಒಪ್ಪುತ್ತೇನೆ. ಆದರೆ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ ಶೇಕಡ 2ಕ್ಕೆ ಏರಿದೆ. ದುಪ್ಪಟ್ಟು ಶುಲ್ಕ ತೆರುವವನು, ತಾನು ಕೊಳ್ಳುವ ಸ್ವತ್ತಿನ ಮೇಲೆ ಇನ್ನೊಬ್ಬನ ಕರಾರು ಇದೆಯೇ, ದಾವೆ ಇದೆಯೇ ಎಂದು ಒಂದೇ ಕಡೆ ತಿಳಿಯುವ ಅನುಕೂಲವನ್ನು ಕೇಳುವುದು ಅತಿಯಾಸೆಯಲ್ಲ.

ಅದಕ್ಕೆ ಬೇಕಾದ್ದು ಎರಡು ಸಣ್ಣ ತಿದ್ದುಪಡಿಗಳು. ಖರೀದಿ ಕರಾರಿನ ನೋಂದಣಿಯನ್ನು ಆಂಧ್ರಪ್ರದೇಶ 1999ರಲ್ಲಿ, ತಮಿಳುನಾಡು 2012ರಲ್ಲಿ ಕಡ್ಡಾಯ ಮಾಡಿವೆ. ನಾವೂ ಮಾಡಬೇಕು. ಬಡವರಿಗೆ ಹೊರೆಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಕರಾರಿಗೆ ಸಣ್ಣ, ನಿಗದಿತ ಶುಲ್ಕ ಇಟ್ಟರೆ, ಅದನ್ನು ಮುಂದಿನ ಕ್ರಯದಲ್ಲಿ ಕಳೆದರೆ, ಆ ಹೊರೆ ಇಲ್ಲವಾಗುತ್ತದೆ. ದಾವೆಯ ಸೂಚನೆಯನ್ನು 1939ರ ಬೊಂಬಾಯಿ ಮಾದರಿಯಲ್ಲಿ ನೋಂದಾಯಿಸಿ ಇ.ಸಿ.ಯಲ್ಲಿ ಕಾಣುವಂತೆ ಮಾಡುವುದು ಇನ್ನೊಂದು. ದಾಖಲೆಗಳ ನೋಂದಣಿಯೂ, ಕೃಷಿ ಭೂಮಿಯ ಹೊರತಾದ ಸ್ವತ್ತಿನ ವರ್ಗಾವಣೆಯೂ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ನಮ್ಮ ವಿಧಾನಮಂಡಲ ತಿದ್ದುಪಡಿ ತರಬಹುದು, ಬೇರೆ ರಾಜ್ಯಗಳು ತಂದಿವೆ.

ಕಾನೂನು ಬರುವವರೆಗೆ ನೀವು ಮಾಡಬಹುದಾದ್ದು ಇದೆ. ಕಡ್ಡಾಯವಿಲ್ಲದಿದ್ದರೂ ಕರಾರನ್ನು ನೋಂದಾಯಿಸಲು ಕಾನೂನಿನ ಅಡ್ಡಿಯಿಲ್ಲ, ನೋಂದಾಯಿಸಿ. ಮುಂಗಡ ಕೊಡುವ ಮೊದಲು ಸ್ವತ್ತಿನ ಬಳಿಗೆ ಹೋಗಿ, ಒಳಗಿರುವವರ ಜೊತೆ ಮಾತಾಡಿ, ಅಕ್ಕಪಕ್ಕದವರನ್ನು ಕೇಳಿ. ಮೂಲಪತ್ರಗಳನ್ನು ಕಣ್ಣಿನಿಂದ ನೋಡಿ, ಜೆರಾಕ್ಸ್ ಸಾಲದು. ಮೈಸೂರು ಮಿತ್ರದಲ್ಲೋ ಆಂದೋಲನದಲ್ಲೋ ಸಾರ್ವಜನಿಕ ತಿಳಿವಳಿಕೆ ಹಾಕಿಸಿ. ಅರ್ಥಶಾಸ್ತ್ರದ ನಲವತ್ತು ಕುಟುಂಬಗಳ ಜಾಗದಲ್ಲಿ ಇಂದು ನಮಗಿರುವುದು ಆ ಪುಟ. ಈಗಾಗಲೇ ಮೋಸ ಹೋಗಿದ್ದರೆ ಎದುರಿಗೆ ನಿಂತ ಇನ್ನೊಬ್ಬ ಖರೀದಿದಾರನೊಡನೆ ಒಮ್ಮೆ ಕೂತು ಮಾತಾಡಿ. ಹಣ ಹೋದದ್ದು ಯಾರ ಕೈಗೆ ಎಂದು ಇಬ್ಬರೂ ಒಟ್ಟಿಗೆ ಕೇಳಬಹುದು.

ಇಲ್ಲಿ ಕೂತಿರುವ ವಕೀಲ ಬಂಧುಗಳಲ್ಲಿ ನನ್ನ ಕೋರಿಕೆ: ಈ ಎರಡು ತಿದ್ದುಪಡಿಗಳ ಕರಡನ್ನು ಮೈಸೂರಿನಲ್ಲೇ ಸಿದ್ಧಪಡಿಸಿ, ನಮ್ಮ ಶಾಸಕರ ಕೈಗೆ ಕೊಡಿ, ಮುಂದಿನ ಅಧಿವೇಶನಕ್ಕೆ ಮೊದಲು ಕೊಡಿ.